ಖಾಲಿ ಮಗ್ಗದ ಕಾವಲು

ನಮ್ಮ ಅಡಿಗೆಮನೆಯ ಗೋಡೆಗೆ ಒಂದು ಹಳೆಯ ಹಲಗೆ ಇದೆ. ಅದರ ತುಂಬ ಮೊಳೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೇ ಮನೆ ಬಿಟ್ಟು ಊರಿಗೆ ಹೋಗಲಿ, ಕೀಲಿಕೈ ತಂದು ಆ ಹಲಗೆಗೆ ಸಿಕ್ಕಿಸಿ ಹೋಗುವುದು ನನ್ನ ಅತ್ತೆಯ ಕಾಲದಿಂದ ಬಂದ ರೂಢಿ. ಸೀರೆಯ ದಡಿಗೆ ಹಾಕಿ ಉಳಿದ ಬಣ್ಣದ ನೂಲನ್ನು ಒಂದೊಂದು ಕೀಲಿಕೈಗೆ ಕಟ್ಟಿಟ್ಟಿದ್ದೇನೆ. ಹಸಿರು ನೂಲಿನದು ಎದುರುಮನೆಯದು, ಕುಂಕುಮಗೆಂಪಿನದು ಮೂಲೆಮನೆಯದು. ಅವರು ಬರುವುದು ತಡವಾದರೆ ಸಾಲಿ ಬಿಟ್ಟು ಬಂದ ಮಕ್ಕಳಿಗೆ ಬಾಗಿಲು ತೆಗೆದುಕೊಡುವುದು, ತುಳಸಿಗೆ ನೀರು ಹಾಕುವುದು, ಹಾಲಿನವನು ಬಂದರೆ ಪಾತ್ರೆ ಇಡುವುದು, ಎಲ್ಲ ನನ್ನ ಕೆಲಸ. ಎಲ್ಲರ ಮನೆಯ ಕೀಲಿಕೈಯೂ ನನ್ನಲ್ಲಿದೆ ಎಂಬುದನ್ನು ನಾನು ದೊಡ್ಡದು ಅಂದುಕೊಂಡವಳಲ್ಲ. ಅದು ಉಪ್ಪಿನ ಡಬ್ಬಿಯ ಹಾಗೆ ಮನೆಯಲ್ಲಿ ಇರುವ ಒಂದು ವಸ್ತುವಾಗಿತ್ತು.

ಈ ಓಣಿಯವರಿಗೆ ಇನ್ನೊಂದು ರೂಢಿಯೂ ಇತ್ತು. ಮನೆಮಂದಿಯೆಲ್ಲ ಹೊರಗೆ ಹೋಗುವಾಗ ಒಂದು ಮಗ್ಗವನ್ನು ಓಡಲು ಬಿಟ್ಟು ಕೀಲಿ ಹಾಕುವುದು. ಹಾಸಿನ ನೂಲು ತೀರಿ ಖಾಲಿ ನಿಂತ ಮಗ್ಗ ಒಂದಿದ್ದರೆ ಸಾಕು, ಅದರ ಮೋಟರು ಚಾಲೂ ಮಾಡಿ, ಹೊರಗೆ ಬೀಗ ಕಾಣದಂತೆ ಮುಂದಿನ ಬಾಗಿಲಿಗೆ ಒಳಗಿನಿಂದಲೇ ಕೀಲಿ ತಿರುಗಿಸಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸುತ್ತಿ ಬಂದು ಮುಂದಿನ ಬಾಗಿಲನ್ನು ಒಂದು ಸಲ ಜಗ್ಗಿ ನೋಡಿ ಹೋಗುವುದು. ಹಿತ್ತಲ ಬಾಗಿಲಿಗೆ ಹೊರಗಿನಿಂದ ಒಂದು ಸಣ್ಣ ಚಿಲಕ, ಅದಕ್ಕೊಂದು ಅಂಗೈಯಷ್ಟೂ ಇಲ್ಲದ ಬೀಗ. ಒಳಗೆ ಪಟಾಪಟ್ ಪಟಾಪಟ್ ಅನ್ನುತ್ತಿದ್ದರೆ ಜನ ಇದ್ದಾರೆ ಎಂದು ಕಳ್ಳ ತಿಳಿಯುತ್ತಾನೆ ಎಂಬ ಲೆಕ್ಕ. ಮೋಟರು ಕಾದು ಸುಟ್ಟೀತು, ಕಿಡಿ ಹಾರೀತು ಎಂದು ನಮ್ಮ ಮನೆಯವರು ಎಷ್ಟೋ ಸಲ ಹೇಳಿದ್ದರು. ಯಾರು ಕೇಳುತ್ತಾರೆ? ನೇಯುವವರ ಕಿವಿಗೆ ಖಾಲಿ ಮಗ್ಗದ ಸದ್ದು ತಟ್ಟನೆ ಗೊತ್ತಾಗುತ್ತದೆ, ಅದರಲ್ಲಿ ನೂಲಿನ ಮೆತ್ತನೆತನ ಇರುವುದಿಲ್ಲ, ಬರೀ ಕಟ್ಟಿಗೆ ಕಟ್ಟಿಗೆಗೆ ಬಡಿಯುತ್ತದೆ. ಹೊರಗಿನವರಿಗೆ ಅದು ತಿಳಿಯುವುದಿಲ್ಲ ಎಂಬ ಧೈರ್ಯ.

ಎದುರುಮನೆಯವರು ಮಹಾಲಿಂಗಪುರಕ್ಕೆ ನಿಶ್ಚಯಕಾರ್ಯಕ್ಕೆ ಹೋದ ದಿನವೂ ಹಾಗೇ ಮಾಡಿದ್ದರು. ಆ ಮನೆಯ ಹೆಂಗಸು ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಕೀಲಿಕೈ ಸಿಕ್ಕಿಸಿ, ಸಂಜೆಯೊಳಗೆ ಬರುತ್ತೇವೆ ಎಂದು ಹೇಳಿ ಹೋದಳು. ಮಧ್ಯಾಹ್ನವೆಲ್ಲ ಅವಳ ಮಗ್ಗ ಬಡಿಯುತ್ತಿತ್ತು, ನಮ್ಮ ಮಗ್ಗ ಬಡಿಯುತ್ತಿತ್ತು, ಓಣಿಯ ಮಗ್ಗಗಳೆಲ್ಲ ಬಡಿಯುತ್ತಿದ್ದವು. ಆ ಗದ್ದಲದಲ್ಲಿ ಯಾರೋ ಹಿತ್ತಲ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿದ್ದು ಒಬ್ಬರ ಕಿವಿಗೂ ಬೀಳಲಿಲ್ಲ. ಕಾವಲಿಗೆಂದು ಬಿಟ್ಟ ಸದ್ದು ಕಳ್ಳರಿಗೇ ಮರೆ ಒದಗಿಸಿತು.

ಸಂಜೆ ಅವಳು ಕೂಗಿದಾಗ ಮೊದಲು ಒಳಗೆ ಹೋದವಳು ನಾನು. ಚಿನ್ನ ಹೋಗಿತ್ತು, ಅದು ಹೋಗುವಂಥದ್ದೇ. ನನಗೆ ಹೇಸಿಗೆ ಬಂದದ್ದು ಬೇರೆಯದಕ್ಕೆ. ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಹಿಟ್ಟನ್ನೆಲ್ಲ ನೆಲಕ್ಕೆ ಸುರಿದು ಅದರ ಮೇಲೆ ಬೂಟುಗಾಲಲ್ಲಿ ಓಡಾಡಿದ್ದರು. ದೇವರ ಜಗಲಿಯ ಮೇಲಿನ ಮೂರ್ತಿಗಳನ್ನು ಸರಿಸಿ ಹಿಂದೆ ತಡಕಾಡಿದ್ದರು. ಬುಟ್ಟಿಯಲ್ಲಿದ್ದ ರೊಟ್ಟಿ ಮುರಿದು, ಶೇಂಗಾ ಚಟ್ನಿಯಲ್ಲಿ ಅದ್ದಿ ತಿಂದು, ಉಳಿದ ಚೂರುಗಳನ್ನು ಹಾಸಿಗೆಯ ಮೇಲೆ ಬಿಟ್ಟಿದ್ದರು. ಇನ್ನೊಂದು ಮಗ್ಗದ ಮೇಲೆ ಅರ್ಧ ನೇಯ್ದ ಬಿಳಿಯ ಸೀರೆ ಇತ್ತು. ಅದರ ಹಾಸಿನ ಮೇಲೆ ಗುಟಕಾ ಉಗುಳಿದ್ದರು. ಆ ಕೆಂಪು ಎಳೆಯಿಂದ ಎಳೆಗೆ ಇಳಿದು ಒಣಗಿತ್ತು. ಪಕ್ಕದಲ್ಲೇ ಖಾಲಿ ಮಗ್ಗ ಇನ್ನೂ ಬಡಿಯುತ್ತಲೇ ಇತ್ತು. ನಾನೇ ಸ್ವಿಚ್ಚು ಆರಿಸಿದೆ.

ಆಮೇಲೆ ಬಂದ ಓಣಿಯವರೇನು ಕಡಿಮೆಯೇ? ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ಹಿಟ್ಟು ತುಳಿದು, ತೆರೆದ ಟ್ರೆಜರಿ ಕಪಾಟಿನೊಳಗೆ ಇಣುಕಿ, ಅವಳ ಒಳಬಟ್ಟೆಗಳು ಚೆಲ್ಲಿದ್ದ ಕಡೆಗೂ ಮೊಬೈಲು ತಿರುಗಿಸಿ ಫೋಟೊ ಹೊಡೆದರು. ಅವಳು ಗೋಡೆಗೆ ಒರಗಿ ಕೂತಿದ್ದಳು. ನಾನು ಒಂದು ಚಾದರ ತಂದು ಆ ಬಟ್ಟೆಗಳ ಮೇಲೆ ಹೊದಿಸಿದೆ.

ಎಲ್ಲರಿಗಿಂತ ದೊಡ್ಡ ಧ್ವನಿ ಮೂಲೆಮನೆಯ ಯಜಮಾನನದು. ಓಣಿಯಲ್ಲಿ ಮೊದಲು ಕ್ಯಾಮೆರಾ ಹಾಕಿಸಿದವನು ಅವನೇ. ಆ ಕ್ಯಾಮೆರಾ ರಸ್ತೆಯನ್ನಾಗಲಿ ಯಾರ ಬಾಗಿಲನ್ನಾಗಲಿ ನೋಡುವುದಿಲ್ಲ. ಓಣಿಯ ನಳದ ಕಡೆ ಮುಖ ಮಾಡಿದೆ, ಯಾರು ಪಾಳಿ ತಪ್ಪಿಸಿ ಎಷ್ಟು ಕೊಡ ಒಯ್ದರು ಎಂದು ನೋಡಲಿಕ್ಕೆ. ಅವನು ಅಂಗಳದಲ್ಲಿ ನಿಂತು, ಮುಂದಿನ ಕೀಲಿ ಹಾಕಿದ ಹಾಗೇ ಇದೆ ಎಂದು ಎಲ್ಲರಿಗೂ ತೋರಿಸಿದ. ಹಿತ್ತಲ ಚಿಲಕ ಕಿತ್ತು ನೇತಾಡುತ್ತಿತ್ತು, ಅದನ್ನೂ ಎಲ್ಲರೂ ನೋಡಿದ್ದರು. ಆದರೂ ಅವನು ಅಂದ:

"ಚಿಲಕಾ ಯಾರರ ಮುರೀತಾರ್ರಿ. ಒಳಗ ಯಾವ್ದ ಎಲ್ಲೈತಿ ಅನ್ನೂದು ಗೊತ್ತಿದ್ದವರ ಕೆಲಸ ಇದು. ಕೀಲಿಕೈ ಮನಿಮನಿ ತಿರಗಿದ್ರ ಹಿಂಗ ಆಗೂದು."

ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಮರುದಿನದಿಂದ ಕೀಲಿಕೈಗಳು ಹಲಗೆಯಿಂದ ಇಳಿಯತೊಡಗಿದವು. ಯಾರೂ ಜಗಳಾಡಲಿಲ್ಲ, ಅದೇ ಇನ್ನೂ ಅಸಹ್ಯ. ಒಬ್ಬಳು ಜೋಡಿ ಕೀಲಿಕೈ ಮಾಡಿಸಬೇಕಾಗಿದೆ ಅಂದಳು. ಒಬ್ಬಳು ಜಮಖಂಡಿಯಿಂದ ತಮ್ಮ ಬರುತ್ತಾನೆ, ಅವನ ಕೈಗೆ ಕೊಡಬೇಕು ಅಂದಳು. ಒಬ್ಬಳು ಚಹಾ ಕುಡಿದು, ನನ್ನ ಮೊಣಕಾಲ ನೋವು ವಿಚಾರಿಸಿ, ಏಳುವಾಗ ಮರೆತವಳ ಹಾಗೆ ಕೇಳಿದಳು. ನಾನು ನೂಲಿನ ಬಣ್ಣ ನೋಡಿ ನೋಡಿ ಕೊಟ್ಟೆ. ಕೊನೆಗೆ ಎದುರುಮನೆಯವಳೇ ಬಂದಳು. ನೆಲ ನೋಡುತ್ತ, "ಅಕ್ಕಾ, ನಮ್ಮವರು ಇಸ್ಕೊಂಡ ಬಾ ಅಂದ್ರು," ಅಂದಳು. ಹಸಿರು ನೂಲನ್ನು ಬಿಚ್ಚಲೇ ಎಂದು ಒಂದು ಕ್ಷಣ ಅನ್ನಿಸಿತು. ಬಿಚ್ಚದೆ ಕೊಟ್ಟೆ.

ಅವತ್ತು ಊಟಕ್ಕೆ ಕೂತಾಗ ನಮ್ಮ ಮನೆಯವರು ಹಲಗೆಯನ್ನು ನೋಡಿದರು. ಬರೀ ಮೊಳೆಗಳಿದ್ದವು. "ಕಿತ್ತ ಒಗಿ ಅದನ್ನ," ಅಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ನನಗೆ ಅಳು ಬರಲಿಲ್ಲ. ಬಾಯಿಯಲ್ಲಿ ಕಹಿ ಮಾತ್ರ ಇತ್ತು. ಇಷ್ಟು ವರ್ಷ ಇವರ ಮನೆಗಳಲ್ಲಿ ಒಬ್ಬಳೇ ಓಡಾಡಿದ್ದೇನೆ, ಇವರ ದೇವರಿಗೆ ದೀಪ ಹಚ್ಚಿದ್ದೇನೆ. ಈಗ ನಾನು ಬಾಗಿಲಿಗೆ ಬಂದರೆ ಒಳಕೋಣೆಯ ಪರದೆ ಎಳೆಯುತ್ತಾರೆ.

ಆ ವಾರ ಪೊಲೀಸರೊಬ್ಬರು ಓಣಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದರು. ಹಿತ್ತಲ ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗಳಿ ಹಾಕಿಸಿ, ಊರಿಗೆ ಹೋಗುವಾಗ ಚಿನ್ನ ಮನೆಯಲ್ಲಿಡಬೇಡಿ, ಹೋಗುವುದನ್ನು ಮೊಬೈಲಿನಲ್ಲಿ ಸಾರಬೇಡಿ ಎಂದೆಲ್ಲ ಸಾವಕಾಶ ತಿಳಿಹೇಳಿದರು. ಆಮೇಲೆ, ಆ ದಿನ ಪರಸ್ಥಳದವರು ಯಾರಾದರೂ ಬಂದಿದ್ದರೇ ಎಂದು ಕೇಳಿದರು. ಎಲ್ಲರೂ ಮೂಲೆಮನೆಯವನ ಮುಖ ನೋಡಿದರು, ಅವನ ಕಟ್ಟೆ ಓಣಿಯ ಬಾಯಲ್ಲಿದೆ. ತನ್ನನ್ನು ಕೇಳಿದ್ದಕ್ಕೆ ಅವನಿಗೆ ಸಂತೋಷವೇ ಆಯಿತು.

"ಇಬ್ಬರು ಬಂದಿದ್ರಲ್ರಿ ಸರ್. ಸೀರಿ ವ್ಯಾಪಾರದವರು. ಛಲೋ ಮಂದಿ, ಅರಿವಿ ಇಸ್ತ್ರಿ ಮಾಡಿ ಹಾಕ್ಕೊಂಡಿದ್ರು. ಈ ಕಳುವಾದ ಮನೀನ ತೋರ್ಸಿ, ಅಲ್ಲಿ ಸೀರಿ ಸಿಗ್ತಾವೇನ್ರಿ ಅಂದ್ರು. ಅವರು ಮಹಾಲಿಂಗಪುರಕ್ಕ ಹೋಗ್ಯಾರ್ರಿ, ಸಂಜಿಕ ಬರ್ರಿ ಅಂದ್ನಿ."

"ಮತ್ತ ಮಗ್ಗ ನಡದೈತಲ್ಲ ಅಂತ ಕೇಳ್ಲಿಲ್ಲೇನು ಅವರು?" ಪೊಲೀಸರು ಕೇಳಿದರು.

"ಕೇಳಿದ್ರಿ. ನಾ ನಕ್ಕೆ. ಅದ ಖಾಲಿ ಮಗ್ಗ್ರಿ, ಕಳ್ಳರನ್ನ ಅಂಜಸಾಕ ಬಿಟ್ಟ ಹೋಗ್ಯಾರ, ನಮ್ಮ ಬನಹಟ್ಟಿ ಮಂದಿ ತಲಿ ಹೆಂಗೈತಿ ನೋಡ್ರಿ ಅಂದ್ನಿ."

ಅವನು ಇದನ್ನು ಹೇಳುವಾಗಲೂ ಮುಖದ ಮೇಲೆ ಆ ನಗು ಇತ್ತು. ಪೊಲೀಸರು ಅದನ್ನು ಬರೆದುಕೊಂಡರು. ನಗು ಅವನ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದು, ಆಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ಹೋಯಿತು. ಚಹಾದ ಅಂಗಡಿಯ ಮುದುಕ ಒಬ್ಬನೇ ಅಂದ, "ಮನಿ ಖಾಲಿ ಅನ್ನೂದೂ ನೀನ ಹೇಳಿದಿ, ಬರೂ ವ್ಯಾಳೇನೂ ನೀನ ಹೇಳಿದಿ. ಕೂಡ ಹೋಗಿ ಬಾಗ್ಲಾ ತಗದ ಬರೂದು ಒಂದ ಉಳದಿತ್ತು ನೋಡ."

ಎದುರುಮನೆಯವಳು ತಲೆ ಎತ್ತಿ ನನ್ನನ್ನು ನೋಡಿದಳು. ಉಳಿದವರೆಲ್ಲ ಕಟ್ಟೆಯ ಕಲ್ಲು ನೋಡುತ್ತಿದ್ದರು. ಒಬ್ಬರ ಬಾಯಿಂದಲೂ, ನಾವು ಹೀಗೆ ಅನ್ನಬಾರದಿತ್ತು ಎಂಬ ಮಾತು ಬರಲಿಲ್ಲ. ಇಂದಿಗೂ ಬಂದಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬಂದು ಹಸಿರು ನೂಲಿನ ಕೀಲಿಕೈಯನ್ನು ತಾನೇ ಮೊಳೆಗೆ ಸಿಕ್ಕಿಸಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೂಡು ಅಂದೆ, ಕೂತಳು. ಆ ಗುಟಕಾದ ಎಳೆಗಳನ್ನೆಲ್ಲ ಕತ್ತರಿಸಿ ಎಸೆದೆ ಅಂದಳು. ಎಸೆದದ್ದು ಛಲೋ ಆತು ಅಂದೆ.

ಬಳಿಕ ಉಳಿದ ಕೀಲಿಕೈಗಳೂ ಒಂದೊಂದಾಗಿ ಬಂದವು. ಕೊಂಡೊಯ್ದಷ್ಟೇ ಸಿಹಿಯಾಗಿ ತಂದರು. ನಾನು ಬೇಡವೆನ್ನಲಿಲ್ಲ, ಆದರೆ ಯಾರ ಮನೆಯ ಒಳಗೂ ಈಗ ಒಬ್ಬಳೇ ಹೋಗುವುದಿಲ್ಲ. ತುಳಸಿ ಅಂಗಳದಲ್ಲಿದ್ದರೆ ನೀರು, ಒಳಗಿದ್ದರೆ ಇಲ್ಲ. ಮಗ್ಗ ಓಡಿಸಿಟ್ಟು ಹೋಗುವವರ ಕೀಲಿಕೈಯನ್ನು ಮುಟ್ಟುವುದಿಲ್ಲ ಎಂದು ಮುಖದ ಮೇಲೇ ಹೇಳಿದೆ. ಈಗ ಊರಿಗೆ ಹೋಗುವ ಮನೆ ಸುಮ್ಮನಿರುತ್ತದೆ. ಅಲ್ಲಿ ಸದ್ದಾದರೆ ಅಕ್ಕಪಕ್ಕದ ಹೆಂಗಸರು ನೂಲು ಸುತ್ತುವ ಕಂಡಿಕೆ ಕೈಯಲ್ಲಿ ಹಿಡಿದೇ ಎದ್ದು ಹೊರಗೆ ಬರುತ್ತಾರೆ. ಅಷ್ಟು ಮಾತ್ರ ಒಳ್ಳೆಯದಾಯಿತು.

ಮೂಲೆಮನೆಯವನದು ಎಲ್ಲಕ್ಕಿಂತ ಕೊನೆಗೆ ಬಂತು. ಬೀಳಗಿಯಲ್ಲಿ ಹೆಂಡತಿಯ ತವರಲ್ಲಿ ಏನೋ ಕಾರ್ಯ. ಹೊಸ್ತಿಲಲ್ಲಿ ನಿಂತು ಕೀಲಿಕೈ ಚಾಚಿ, "ವೈನಿ, ಇಷ್ಟ ನೋಡ್ಕೊಳ್ರಿ," ಅಂದ. ನನ್ನ ಕೈ ಮುಂದೆ ಹೋಗಲಿಲ್ಲ. ಮೊಳೆ ಅಲ್ಲೇ ಇದೆ ಎಂದು ಹಲಗೆ ತೋರಿಸಿದೆ. ತಾನೇ ಒಳಗೆ ಬಂದು ಸಿಕ್ಕಿಸಿ, ಬೆನ್ನು ತಿರುಗಿಸಿ ಹೋದ. ಅವನು ಹೋದ ಮೇಲೆ ಕೀಲಿಕೈ ಇಳಿಸಿ ನೋಡಿದೆ, ಸುಣ್ಣ ತಂಬಾಕು ಮೆತ್ತಿತ್ತು. ಬಚ್ಚಲಿಗೆ ಒಯ್ದು ಬೂದಿ ಹಚ್ಚಿ ತಿಕ್ಕಿ ತೊಳೆದೆ, ನೂಲನ್ನೂ ಹೊಸದು ಕಟ್ಟಿದೆ.

ಮಧ್ಯಾಹ್ನ ಚಾಪೆ ಮಾರುವವನೊಬ್ಬ ಬಂದು ಮೂಲೆಮನೆಯ ಬಾಗಿಲು ಬಡಿದ. ಆಮೇಲೆ ನಮ್ಮ ಮನೆಯ ಕಟ್ಟೆಯ ಮೇಲಿದ್ದ ನನ್ನ ಕಡೆ ತಿರುಗಿ, ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದ. ಅವನು ಬರೀ ಚಾಪೆಯವನೇ ಇದ್ದಿರಬಹುದು.

"ಅದಾರ. ಉಂಡ ಮಲಗ್ಯಾರ, ನಾಕ ಮಂದಿ ಗಣಸರು. ಎಬ್ಬಸ್ಲೇನು?"

ಬೇಡ ಬಿಡಿ ಅಂದು ಅವನು ರಬಕವಿಯ ಹಾದಿ ಹಿಡಿದ. ಅಂಥವನ ಮನೆಯ ಸಲುವಾಗಿ ಸುಳ್ಳು ಹೇಳಿದ್ದಕ್ಕೆ ನನಗೆ ನನ್ನ ನಾಲಿಗೆಯೇ ಹೇಸಿಗೆಯಾಯಿತು. ಒಳಗೆ ಹೋಗಿ ಬಾಯಿ ಮುಕ್ಕಳಿಸಿ, ಮತ್ತೆ ಬಂದು, ಅವನ ಬಾಗಿಲು ಕಾಣುವ ಹಾಗೆ ಕಟ್ಟೆಯ ಮೇಲೆ ಕೂತೆ.