ಅಂಗೈ ಗೆರೆ ಕಾಣುವಷ್ಟು ಬೆಳಕು

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬಂದವಳು ನಾನು. ಅತ್ತೆ ಮನೆಯಲ್ಲೇ ಇರುತ್ತಾರೆ, ಫೋನ್ ಮಾಡಿ ಕೇಳಬಹುದಲ್ಲ ಎನ್ನುತ್ತೀರಿ. ಕೇಳಬಹುದು. ಆದರೆ ಫೋನ್ ಎತ್ತುವ ಅವಸರದಲ್ಲಿ ಅವರು ಜಾರಿ ಬಿದ್ದರೆ?

ಇಂಥವಳ ಕೈಗೆ ಮೈಕ್ರೋಕಂಟ್ರೋಲರ್ ಸಿಗಬಾರದಿತ್ತು. ಸಿಕ್ಕಿತು. ನಾನು ಕಾಗವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷ ನಮ್ಮ ಪ್ರಯೋಗಾಲಯಕ್ಕೆ ಪೆಟ್ಟಿಗೆಯೊಂದು ಬಂತು. ಒಳಗೆ ಹೆಬ್ಬೆರಳುದ್ದದ ಪುಟ್ಟ ಕಂಪ್ಯೂಟರ್ ಬೋರ್ಡುಗಳು, ಸೆನ್ಸರುಗಳು, ಬಣ್ಣಬಣ್ಣದ ತಂತಿ. ಮಕ್ಕಳಿಗೆ ಕಲಿಸಬೇಕಾದರೆ ಮೊದಲು ನಾನು ಕಲಿಯಬೇಕಲ್ಲ ಎಂದು ಅಂಥದೇ ಒಂದು ಬೋರ್ಡನ್ನು ನನಗೂ ತರಿಸಿಕೊಂಡೆ. ಕಲಿಯುತ್ತ ಕಲಿಯುತ್ತ ಗೊತ್ತಾದದ್ದೇನೆಂದರೆ, ಪ್ರೋಗ್ರಾಮ್ ಬರೆಯುವ ಕೆಲಸ ಅಂಜುವವರಿಗಾಗಿಯೇ ಹುಟ್ಟಿದ್ದು. ಅದರಲ್ಲಿ ಹೆಜ್ಜೆ ಹೆಜ್ಜೆಗೂ 'ಒಂದು ವೇಳೆ ಹೀಗಾದರೆ' ಎಂದು ಬರೆಯಬೇಕು. ನಾನು ನಲವತ್ತೆಂಟು ವರ್ಷ ಪುಕ್ಕಟೆಯಾಗಿ ಮಾಡಿಕೊಂಡು ಬಂದದ್ದು ಅದನ್ನೇ.

ಇನ್ನು ಅತ್ತೆಯ ವಿಷಯ. ಶಿರಗುಪ್ಪಿಯ ನಮ್ಮ ಮನೆಯಲ್ಲಿ ನಾವು ಮೂವರು: ಅತ್ತೆ, ನಾನು, ಸಕ್ಕರೆ ಕಾರ್ಖಾನೆಯ ಪಾಳಿಯ ಪ್ರಕಾರ ಆಗೀಗ ಕಣ್ಣಿಗೆ ಬೀಳುವ ನನ್ನ ಯಜಮಾನರು. ಅತ್ತೆಗೆ ಎಪ್ಪತ್ತಾರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ದೀಪಕ್ಕೆ ಬಂದು ಬೀಳುವ ಸಣ್ಣ ಜೀವ ತಾಟಿಗೂ ಬಿದ್ದೀತು ಎಂಬ ಕಾಳಜಿಯಿಂದ ನಮ್ಮ ಜೈನ ಮನೆಗಳಲ್ಲಿ ಹಿರಿಯರು ನಡೆಸಿಕೊಂಡು ಬಂದ ವ್ರತ ಇದು. ಅತ್ತೆ ಇನ್ನೂ ಒಂದು ಗಳಿಗೆ ಮುಂಚೆಯೇ ಕೈ ತೊಳೆದುಬಿಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿದ್ದಿಲ್ಲವಂತೆ. ಅವರು ಇದನ್ನು ಹೆಮ್ಮೆಯಿಂದೇನೂ ಹೇಳುವುದಿಲ್ಲ. ಆದರೆ ಕೇಳಿದಾಗಲೆಲ್ಲ ನಾನು ಗಡಿಯಾರದ ಕಡೆ ನೋಡುತ್ತೇನೆ: ಇಷ್ಟು ವರ್ಷದ ವ್ರತ ನಾನು ತಡವಾಗಿ ರೊಟ್ಟಿ ಬಡಿದದ್ದರಿಂದ ಮುರಿದರೆ?

ಅದರ ಜೊತೆಗೆ ಅವರಿಗೆ ಶುಗರ್. ಊರಿನ ಸುತ್ತ ಕಬ್ಬು, ಮನೆಯೊಳಗೆ ಶುಗರ್, ನಗುವವರು ನಗಬಹುದು. ಸಂಜೆ ಊಟಕ್ಕೆ ಕೂರುವ ಮುಂಚೆ ಅವರು ಗುಳಿಗೆ ನುಂಗಬೇಕು. ಗುಳಿಗೆ ನುಂಗಿದ ಮೇಲೆ ಉಣ್ಣಲೇಬೇಕು, ಇಲ್ಲದಿದ್ದರೆ ಶುಗರ್ ತೀರಾ ಇಳಿದುಬಿಡುತ್ತದೆ.

ಉಳಿದ ದಿನಗಳಲ್ಲಿ ತೊಂದರೆಯಿಲ್ಲ, ಸೂರ್ಯ ಎದುರಿಗೇ ಇರುತ್ತಾನೆ. ಚಾತುರ್ಮಾಸದ ಮೋಡದಲ್ಲಿ ಮಾತ್ರ ಅವನನ್ನು ಎಲ್ಲಿ ಹುಡುಕುವುದು? ಅತ್ತೆಯ ಬಳಿ ಅದಕ್ಕೊಂದು ಉಪಾಯವಿತ್ತು. ಹೊಸ್ತಿಲಿಗೆ ಬಂದು ಬಲಗೈ ಹೊರಗೆ ಚಾಚುವರು. ಅಂಗೈಯ ಗೆರೆ ಕಂಡರೆ ಇನ್ನೂ ಹಗಲು, ಕಾಣದಿದ್ದರೆ ಮುಗಿಯಿತು. ಎಪ್ಪತ್ತಾರರ ಕಣ್ಣಿಗೆ ಗೆರೆ ಯಾವಾಗ ಕಂಡೀತು, ಯಾವಾಗ ಕಾಣದೆ ಹೋದೀತು! ಗೋಡೆಯ ಗಡಿಯಾರವೋ ಐದು ನಿಮಿಷ ಹಿಂದೆ. "ಆ ಗಡ್ಯಾಳದ ಮ್ಯಾಲ ಭರೋಸಾ ಇಡಬ್ಯಾಡ್ರಿ, ನಾ ಒಂದ ಮಶಿನ್ ಮಾಡಿ ಕೊಡ್ತೇನಿ. ಅದು ಸುಳ್ಳ ಹೇಳೂದಿಲ್ಲ" ಎಂದು ನಾನು ದೊಡ್ಡದಾಗಿ ಹೇಳಿಬಿಟ್ಟೆ.

ಮಶಿನ್ ಎಂದರೆ ಇಷ್ಟೇ. ಆ ಹೆಬ್ಬೆರಳುದ್ದದ ಬೋರ್ಡು ಯಜಮಾನ. ಅದರ ಕೈಕೆಳಗೆ ಸಮಯ ಇಟ್ಟುಕೊಳ್ಳುವ ಒಂದು ಚಿಪ್, ಬೆಳಕು ಅಳೆಯುವ ಒಂದು ಸೆನ್ಸರ್, ಬೆಂಕಿಪೆಟ್ಟಿಗೆಗಿಂತ ಚಿಕ್ಕ ಒಂದು ಪರದೆ. ಈ ಮೂರೂ ಎರಡೇ ತಂತಿಗಳಲ್ಲಿ ಯಜಮಾನನೊಂದಿಗೆ ಮಾತಾಡಬೇಕು. ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದರಲ್ಲಿ ಮಾತು ಹೋಗುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಕರೆದಾಗ ಅದು 'ಓ' ಎನ್ನಬೇಕು, ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ಬಜರ್ ಒಂದು ಮಾತ್ರ ಬೇರೆ ತಂತಿಗೆ. ಅದಕ್ಕೆ ಒದರುವುದಷ್ಟೇ ಗೊತ್ತು.

ಸಮಯದ ಚಿಪ್ ಮೂರು ರವಿವಾರ 'ಓ' ಎನ್ನಲಿಲ್ಲ. ಸಂಖ್ಯೆ ತಪ್ಪಿತೇ, ಬೆಸುಗೆ ಬಿಟ್ಟಿತೇ, ಸುಟ್ಟುಹೋಯಿತೇ? ಪಕ್ಕದ ಮನೆಯವರು ಒಂದು ದಿನ ಮಾತಾಡದಿದ್ದರೆ ನಾನೇನಾದರೂ ಅಂದೆನೇ ಎಂದು ಮೂರು ದಿನ ಕೊರಗುವವಳು, ಚಿಪ್‌ನ ಮೌನವನ್ನು ಮೂರು ವಾರ ಸಹಿಸಿದೆ. ಕೊನೆಗೆ ನೋಡಿದರೆ, ಯಾರೂ ಮಾತಾಡದಿದ್ದಾಗ ತಂತಿಗಳನ್ನು ಎತ್ತಿ ಹಿಡಿಯಲು ಎರಡು ಸಣ್ಣ ರೆಸಿಸ್ಟರ್ ಹಾಕಬೇಕಿತ್ತು, ನಾನು ಹಾಕಿರಲಿಲ್ಲ. ಹಾಕಿದ ಕೂಡಲೇ ಚಿಪ್ ಬಾಯಿಬಿಟ್ಟಿತು. ಸಂತೋಷಕ್ಕೆ ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ, "ಗಡ್ಯಾಳ ಆತಲ್ಲ?" ಎಂದು ಕೇಳಿ ಹೋದರು.

ಹಿಂದಿನ ಕಾಲದಲ್ಲಿ ಗಳಿಗೆ ಬಟ್ಟಲು ಎಂದು ಇರುತ್ತಿತ್ತಲ್ಲ, ಅಡಿಯಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ಇಪ್ಪತ್ತನಾಲ್ಕು ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಅದೇ ಒಂದು ಗಳಿಗೆ. ಬಟ್ಟಲಿನ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ನೆನಪಾಗುವುದು ಅದರ ಪಕ್ಕದಲ್ಲಿ ಕುಳಿತು ಜಾಗಟೆ ಬಾರಿಸಬೇಕಾದವನು. ತೂತಿನಲ್ಲಿ ಕಸ ಸಿಕ್ಕಿಕೊಂಡರೆ? ಸೀನು ಬಂದು ಕಣ್ಣು ಮುಚ್ಚಿದ ಕ್ಷಣದಲ್ಲೇ ಬಟ್ಟಲು ಮುಳುಗಿದರೆ? ಅವನು ನಮ್ಮ ಪೈಕಿಯವನೇ ಇದ್ದಿರಬೇಕು.

ಅವನಂತೆ ಯೋಚಿಸುತ್ತಲೇ ನಾನು ಪ್ರೋಗ್ರಾಮ್ ಬರೆದೆ. ಒಂದು ವೇಳೆ ಸಮಯದ ಚಿಪ್‌ನ ಸೆಲ್ ಮುಗಿದರೆ? ಆಗ ಬೆಳಕಿನ ಸೆನ್ಸರ್ ಕಾಯಲಿ. ಆದ್ದರಿಂದ ಹೊತ್ತಾಯಿತು ಎಂದು ಚಿಪ್ ಹೇಳಿದರೂ ಬಜರ್ ಒದರಬೇಕು, ಕತ್ತಲಾಯಿತು ಎಂದು ಸೆನ್ಸರ್ ಹೇಳಿದರೂ ಒದರಬೇಕು. ಇಬ್ಬರಲ್ಲಿ ಯಾರು ಮೊದಲು ಅಂಜುತ್ತಾರೋ ಅವರ ಮಾತೇ ನಡೆಯಲಿ. ಎಷ್ಟು ಭದ್ರವಾಗಿ ಬರೆದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಡಸಾಲೆಯ ಕಿಟಕಿಯಲ್ಲಿ ಮಶಿನ್ ಕೂತಿತು. ಎರಡು ವಾರ ಒಂದು ನಿಮಿಷವೂ ತಪ್ಪಲಿಲ್ಲ. ಅತ್ತೆ ಹೊಸ್ತಿಲಿಗೆ ಬಂದು ಕೈ ಚಾಚುವುದನ್ನು ಬಿಟ್ಟರು.

ಶ್ರಾವಣದ ಒಂದು ಸಂಜೆ. ಕಾಗವಾಡದಿಂದ ಬಸ್ ತಡವಾಗಿ ಬಂತು. ಬೆಳಿಗ್ಗೆಯೇ ಅಡುಗೆ ಮಾಡಿಟ್ಟಿದ್ದೆ, ಬಡಿಸಿಕೊಂಡು ಉಣ್ಣುತ್ತಾರೆ ಎಂದು ಸಮಾಧಾನ ಹೇಳಿಕೊಳ್ಳುತ್ತ ಮನೆಗೆ ಬಂದಾಗ ಆರೂ ಕಾಲು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ತಾಟಿನಲ್ಲಿ ರೊಟ್ಟಿ ಮುರಿದದ್ದು ಮುರಿದಂತೆಯೇ ಇತ್ತು.

"ಗುಳಿಗಿ ತೊಗೊಂಡ್ರೇನ್ರಿ?"

"ತೊಗೊಂಡ್ನಿ. ಎರಡ ತುತ್ತ ಉಂಡಿದ್ನಿ, ಬೆಲ್ ಆತು. ಎದ್ನಿ."

ಅಂದು ಹೊತ್ತು ಮುಳುಗುವುದು ಆರು ಐವತ್ತಕ್ಕೆ, ಒಂದು ಗಳಿಗೆ ಮುಂಚೆ ಎಂದರೆ ಬೆಲ್ ಆಗಬೇಕಾದದ್ದು ಆರು ಇಪ್ಪತ್ತಾರಕ್ಕೆ. ಕಿಟಕಿಗೆ ಓಡಿದೆ. ಮಳೆಗೆ ಹೊರಗೆ ಏನೂ ಒಣಗುವುದಿಲ್ಲವಲ್ಲ, ಅತ್ತೆ ತಮ್ಮ ಒದ್ದೆ ಸೀರೆಯನ್ನು ಕಿಟಕಿಯ ಸರಳಿಗೆ ಹರವಿದ್ದರು. ಸೀರೆಯ ಸೆರಗು ಸೆನ್ಸರಿನ ಮೇಲೆ ಇಳಿಬಿದ್ದಿತ್ತು. ಪಾಪ, ಅದಕ್ಕೆ ಕತ್ತಲಾಯಿತು. ಕತ್ತಲಾದರೆ ಒದರು ಎಂದು ಹೇಳಿಕೊಟ್ಟವಳು ನಾನು.

ಬೆಲ್ಲದ ಡಬ್ಬಿ ಹಿಡಿದು ಅತ್ತೆಯ ಮುಂದೆ ಕೂತೆ. "ಇನ್ನೂ ಹೊತ್ತು ಐತ್ರಿ ಅತ್ತಿ, ಬಾಯಿ ತಗೀರಿ."

"ಮಶಿನ್ ಹೊತ್ತಾತು ಅಂತೈತಿ."

"ಗಡ್ಯಾಳ ನೋಡ್ರಿ, ಇನ್ನೂ ಆರೂ ಹತ್ತು."

"ಅದರ ಮ್ಯಾಲ ಭರೋಸಾ ಇಡಬ್ಯಾಡ್ರಿ ಅಂದಾಕಿ ನೀನಽ."

ಹೊರಗೆ ಮೋಡ ಕಟ್ಟಿಕೊಂಡು ನಿಂತಿತ್ತು, ಸೂರ್ಯನ ಸುಳಿವಿಲ್ಲ. ಫೋನ್ ತೋರಿಸಿದೆ, ಅದೂ ಒಂದು ಮಶಿನ್ನೇ ಎಂಬಂತೆ ನೋಡಿದರು. ಅವರ ತುಟಿ ಬಿಳಿಚಿತ್ತು. ನನಗೆ ಅಳು ಬಂತು. "ಮಶಿನ್ ಸುಳ್ಳ ಹೇಳೇತ್ರಿ. ನಾನಽ ಹೇಳ್ಸೇನಿ. ನನಗ ಅಂಜಿಕಿ ಭಾಳ, ಅದನ್ನಽ ಅದಕ್ಕ ಕಲಿಸೇನಿ" ಎಂದು ಅಳುತ್ತಲೇ ಹೇಳಿದೆ.

ಅತ್ತೆ ಕಂಬ ಹಿಡಿದು ಏಳಲು ನೋಡಿದರು. "ಎಬ್ಬಸ ನನ್ನ" ಎಂದರು. ರಟ್ಟೆ ಹಿಡಿದು ಎಬ್ಬಿಸಿದೆ. ಹೊಸ್ತಿಲಿಗೆ ಹೋಗಿ ಬಲಗೈ ಹೊರಗೆ ಚಾಚಿದರು. ಅದು ನಡುಗುತ್ತಿತ್ತು, ಗೆರೆಯೊಂದೂ ನಿಲ್ಲುತ್ತಿರಲಿಲ್ಲ. ನಾನು ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಇಬ್ಬರೂ ಬಗ್ಗಿ ಆ ಅಂಗೈ ನೋಡಿದೆವು. ಹೆಬ್ಬೆರಳಿನ ಬುಡದಲ್ಲಿ ಒಂದು ದಪ್ಪ ಗೆರೆ, ಅದರ ಮೇಲೆ ಇನ್ನೊಂದು, ಆಮೇಲೆ ಪಾತ್ರೆ ತಿಕ್ಕಿ ತಿಕ್ಕಿ ಮೂಡಿದ ಸಣ್ಣ ಸಣ್ಣ ಗೆರೆಗಳೆಲ್ಲ ಕಂಡವು.

"ಕಾಣ್ತಾವ," ಎಂದರು ಅತ್ತೆ. "ತಾ ಬೆಲ್ಲ."

ಬೆಲ್ಲ ತಿಂದರು, ನೀರು ಕುಡಿದರು, ಮುರಿದಿಟ್ಟ ರೊಟ್ಟಿಯನ್ನೂ ಉಂಡರು. ಅವರು ಕೈ ತೊಳೆಯುತ್ತಿರುವಾಗ ಕಿಟಕಿಯಲ್ಲಿ ಬಜರ್ ಮತ್ತೆ ಒದರಿತು, ಈ ಸಲ ಹೊತ್ತಿಗೆ ಸರಿಯಾಗಿ. ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ.

ಮುಂದಿನ ರವಿವಾರ ಪ್ರೋಗ್ರಾಮ್ ತಿದ್ದಿದೆ. ಬೆಳಕಿನ ಸೆನ್ಸರಿಗೆ ರಜೆ ಕೊಟ್ಟೆ. ಸಮಯದ ಚಿಪ್ ಹತ್ತು ನಿಮಿಷ ಮುಂಚೆ ಮೆಲ್ಲಗೆ ಒಂದು ಸಲ ಕರೆಯುತ್ತದೆ, ಪರದೆಯ ಮೇಲೆ ಚುಕ್ಕೆ ಚುಕ್ಕೆ ಸೇರಿಸಿ ನಾನು ಬರೆದ ಒಂದು ಅಂಗೈ ಮೂಡುತ್ತದೆ. ಅತ್ತೆ ಕನ್ನಡಕ ಏರಿಸಿ ನೋಡಿದರು. "ಯಾರ ಕೈ ಬೇ ಇದು? ಗೆರಿನಽ ಇಲ್ಲಲ್ಲ" ಎಂದರು. ಗೆರೆ ನೀವೇ ನೋಡಿಕೊಳ್ಳಬೇಕು ಎಂದೆ. ಈಗ ದಿನವೂ ಅದು ಕರೆದ ಮೇಲೆ ಹೊಸ್ತಿಲಿಗೆ ಹೋಗಿ ಕೈ ಚಾಚುತ್ತಾರೆ. ಮಶಿನ್ನಿನ ಮಾತೂ ಅಂಗೈಯ ಮಾತೂ ತಾಳೆಯಾದರೆ, "ಬರೋಬರಿ ಐತಿ" ಎಂದು ಅದನ್ನು ಪಾಸು ಮಾಡುತ್ತಾರೆ.

ನನ್ನ ಅಂಜಿಕೆ ಎಲ್ಲಿಗೂ ಹೋಗಿಲ್ಲ. ಮೊನ್ನೆ ಮತ್ತೆ ಬಸ್ ತಡವಾಯಿತು, ಮತ್ತೆ ಅದೇ ಮೋಡ, ಫೋನಿನ ಬ್ಯಾಟರಿಯೂ ಮುಗಿದಿತ್ತು. ಗುಳಿಗೆ ನುಂಗಿದರೋ, ಉಂಡರೋ, ಕಿಟಕಿಗೆ ಏನು ಹರವಿದರೋ ಎಂದು ಒಂದೇ ಯೋಚನೆ. ಏನೂ ತೋಚದೆ ಬಸ್ಸಿನ ಕಿಟಕಿಯ ಬಳಿ ನನ್ನ ಅಂಗೈ ಬಿಚ್ಚಿ ಹಿಡಿದೆ. ಗೆರೆಗಳು ಕಂಡವು. ಇದೇ ಹೊತ್ತಿಗೆ ಅವರೂ ಹೊಸ್ತಿಲಲ್ಲಿ ನಿಂತು ನೋಡುತ್ತಿರುತ್ತಾರೆ ಎಂದುಕೊಂಡಾಗ ಉಸಿರು ಸ್ವಲ್ಪ ಇಳಿಯಿತು.

ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. "ಕೈ ನೋಡಾಕ ಬರ್ತೈತೇನ್ರಿ ಅಕ್ಕಾರ? ನಂದೂ ಒಂದೀಟ ನೋಡಿ ಹೇಳ್ರಿ" ಎಂದು ತನ್ನ ಅಂಗೈ ಮುಂದೆ ಮಾಡಿದಳು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನಗೆ ಗೊತ್ತಿದ್ದದ್ದು ಒಂದೇ ಮಾತು, ಅದನ್ನೇ ಹೇಳಿದೆ.

"ಗೆರಿ ಚಲೋ ಕಾಣ್ತಾವ್ರಿ. ಇನ್ನೂ ಹೊತ್ತು ಐತಿ."