ಹೊಂಗೆ ಮರದ ಕೆಳಗೆ ನಿಂತಿದ್ದ ರೋಗಿ

ಕೋವಿಡ್ ತಗ್ಗಿದ ಮರುವರ್ಷ ನಾನು ಹುಣಸೂರಿನ ಒಂದು ಡಯಾಲಿಸಿಸ್ ಘಟಕಕ್ಕೆ ವಾಹನ ಸಂಯೋಜಕನಾಗಿ ಸೇರಿದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದು ಸಹಿ ಹಾಕುವ ಕೆಲಸ. ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು, ಹಾಲಿನವನು ಇವತ್ತು ಎಷ್ಟು ನಿಮಿಷ ತಡ ಎಂದು ಗೊಣಗುತ್ತಿದ್ದೆ. ಅದನ್ನು ಕೇಳಿ ಕೇಳಿ ಸಾಕಾಗಿ ನನ್ನ ಹೆಂಡತಿಯೇ ಈ ಕೆಲಸ ಹುಡುಕಿಕೊಟ್ಟಳು.

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವುದೇ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ ಬೇಕು. ನಮ್ಮಲ್ಲಿ ಒಬ್ಬೊಬ್ಬರಿಗೆ ವಾರದಲ್ಲಿ ಎರಡು ನಿಗದಿತ ದಿನ, ನಿಗದಿತ ಯಂತ್ರ ಇರುತ್ತಿತ್ತು. ಅದಕ್ಕೆ ಸ್ಲಾಟ್ ಎನ್ನುತ್ತಿದ್ದೆವು. ರೋಗಿಗಳನ್ನು ಊರಿಂದ ಕರೆತಂದು ಮತ್ತೆ ಊರಿಗೆ ಬಿಡಲು ಮೂರು ವ್ಯಾನ್‌ಗಳಿದ್ದವು. ಒಂದು ಪಿರಿಯಾಪಟ್ಟಣದ ಕಡೆಗೆ, ಒಂದು ಕೆ.ಆರ್. ನಗರದ ಕಡೆಗೆ, ಇನ್ನೊಂದು ಎಚ್.ಡಿ. ಕೋಟೆಯ ಕಡೆಗೆ. ಇದು ಆಂಬುಲೆನ್ಸ್ ಕೆಲಸವಲ್ಲ. ಸೈರನ್ ಇಲ್ಲ, ಓಟವಿಲ್ಲ. ಆದರೆ ತಪ್ಪುವ ಹಾಗಿಲ್ಲ. ಒಂದೆರಡು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಮುಖ ಊದಿಕೊಳ್ಳುತ್ತದೆ, ಮತ್ತೂ ತಪ್ಪಿದರೆ ಉಸಿರಿಗೇ ಕುತ್ತು ಬರುತ್ತದೆ.

ನಾನು ಸೇರಿದ ಆರು ತಿಂಗಳಲ್ಲೇ ವ್ಯಾನ್‌ಗಳು ಗಡಿಯಾರದಂತೆ ಓಡತೊಡಗಿದವು. ಬಸ್ಸಿನ ಬುದ್ಧಿಯನ್ನೇ ಇಲ್ಲಿಗೂ ತಂದಿದ್ದೆ. ಪ್ರತಿ ಊರಿಗೂ ಒಂದು ನಿಲುಗಡೆ, ಅದಕ್ಕೊಂದು ಸಮಯ. ಆ ಸಮಯಕ್ಕೆ ನಿಲುಗಡೆಯಲ್ಲಿ ಇದ್ದವರು ಹತ್ತಬೇಕು, ಇಲ್ಲದವರಿಗಾಗಿ ಕಾಯುವಂತಿಲ್ಲ. ಮೊದಲೇ ತಿಳಿಸದೆ ಸತತ ಮೂರು ಸಲ ಬಾರದಿದ್ದರೆ ಸ್ಲಾಟ್ ಕಾಯುವವರ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ನಿಯಮ ಘಟಕದ್ದು. ಅದನ್ನು ಕೂದಲೆಳೆಯಷ್ಟೂ ಸಡಿಲಿಸದ ಹೆಮ್ಮೆ ಮಾತ್ರ ನನ್ನದು.

ಹನಗೋಡಿನಿಂದ ಮುಂದೆ ಕಾಡಂಚಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ನಿಲುಗಡೆ ಇತ್ತು. ರಸ್ತೆ ಬದಿಯ ಬಸ್ ತಂಗುದಾಣವೇ ಅದು. ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ಇಬ್ಬರು ಹತ್ತುತ್ತಿದ್ದರು. ಒಬ್ಬರು ಆ ಹಳ್ಳಿಯ ಪುಟ್ಟಸ್ವಾಮಿಗೌಡರು. ಇನ್ನೊಬ್ಬರು ಅಲ್ಲಿಂದ ಒಂದು ಮೈಲಿ ಒಳಗಿನ, ಬುಡಕಟ್ಟು ಜನರ ಹಾಡಿಯ ಸೋಮಯ್ಯನವರು. ವಯಸ್ಸು ಐವತ್ತರ ಮೇಲೆ, ಮಾತು ಕಡಿಮೆ, ಹೆಂಡತಿ ಇಲ್ಲ. ಮಗಳು ಗೌರಿ ಪಿಯುಸಿ ಓದಿ ಪಕ್ಕದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಇಲ್ಲಿ ಸೋಮಯ್ಯನವರು ಎಂದು ಬರೆಯುತ್ತಿದ್ದೇನೆ, ನಿಜ. ಆಗ ನಾನು ಗೌಡರನ್ನು 'ಬನ್ನಿ ಗೌಡ್ರೇ' ಎಂದೂ ಇವರನ್ನು 'ಬಾರಪ್ಪ' ಎಂದೂ ಕರೆಯುತ್ತಿದ್ದೆ. ಯಾಕೆ ಹಾಗೆ ಎಂದು ಒಂದು ದಿನವೂ ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಸೋಮಯ್ಯನವರ ಹೆಸರಿನ ಮುಂದೆ ಒಂದೇ ಒಂದು ಗೈರುಹಾಜರಿ ಇರಲಿಲ್ಲ. ಆಮೇಲೆ ಗೌಡರು ಮೈಸೂರಿನಲ್ಲಿದ್ದ ತಮ್ಮನ ಮನೆಗೆ ಹೋಗಿ ಅಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳತೊಡಗಿದರು. ಆ ನಿಲುಗಡೆಯಲ್ಲಿ ಉಳಿದದ್ದು ಒಬ್ಬರೇ. ಒಬ್ಬರಿಗಾಗಿ ಕೋಟೆಯ ವ್ಯಾನ್ ಅಷ್ಟು ದೂರ ಸುತ್ತುವುದು ನನ್ನ ಕಣ್ಣಿಗೆ ಚುಚ್ಚಿತು. ಪಿರಿಯಾಪಟ್ಟಣದ ವ್ಯಾನ್‌ನಲ್ಲಿ ಸೀಟು ಖಾಲಿ ಇತ್ತು. ಕಂಪಲಾಪುರದವರನ್ನು ಹತ್ತಿಸಿಕೊಂಡ ಮೇಲೆ ಅದು ಹನಗೋಡಿನ ಕಡೆಯಿಂದ ಬರಲಿ ಎಂದು ಹೊಸ ಮಾರ್ಗ ಬರೆದೆ. ಕೋಟೆಯ ವ್ಯಾನ್‌ಗೆ ನಲವತ್ತು ನಿಮಿಷ ಉಳಿಯಿತು. ಆ ದಿನ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮೊದಲ ಮಂಗಳವಾರ ಸೋಮಯ್ಯನವರು ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಪಿರಿಯಾಪಟ್ಟಣದ ವ್ಯಾನ್ ಓಡಿಸುತ್ತಿದ್ದ ಮಹದೇವನನ್ನು ಕರೆದು ಕೇಳಿದೆ. ಅವನು ಕೆಟ್ಟವನಲ್ಲ. ಆ ರಸ್ತೆ ಅವನಿಗೆ ಹೊಸದು, ಸೋಮಯ್ಯನವರ ಮುಖ ಕಂಡವನೂ ಅಲ್ಲ.

"ತಂಗುದಾಣದ ತಾವ ಬಸ್ಸಿಗೆ ಕಾಯೋರು ಬಿಟ್ರೆ ನಮ್ ಗಾಡಿಗೆ ಬರೋರು ಯಾರೂ ಇರ್ನಿಲ್ಲ ಸಾರ್. ಆರನ್ ಮಾಡ್ದೆ. ಆಚೆಗೆ ಮರದ ಕೆಳಗೆ ಎಸ್ಟೇಟ್ ಜೀಪಿಗೆ ಕಾಯೋರು ಒಬ್ರೋ ಇಬ್ರೋ ನಿಂತಿದ್ರು, ಅಷ್ಟೆ."

ಕೊಡಗಿನ ಕಾಫಿ ತೋಟಗಳಿಗೆ ಕೂಲಿಯವರನ್ನು ಕರೆದೊಯ್ಯುವ ಜೀಪುಗಳು ಬೆಳಗ್ಗೆ ಆ ರಸ್ತೆಯಲ್ಲಿ ಓಡಾಡುತ್ತವೆ. ಹಾಡಿಯವರು ಅವಕ್ಕಾಗಿ ಕಾಯುವುದು ನನಗೆ ಗೊತ್ತಿದ್ದ ಸಂಗತಿಯೇ. ಮಹದೇವನ ಆ ಒಂದು ಮಾತಿನಲ್ಲೇ ನಿಜವೆಲ್ಲ ಇತ್ತು. ನಾನು ಅದನ್ನು ಕೇಳಿಸಿಕೊಂಡೂ ಬೇರೆಯದೇ ಅರ್ಥ ಮಾಡಿಕೊಂಡೆ.

ಅಂದೇ ಗೌರಿಯ ಮೊಬೈಲಿಗೆ ಕರೆ ಮಾಡಿದೆ. ಅವಳು ತಂದೆಯ ಕೈಗೆ ಕೊಟ್ಟಳು.

"ಯಾಕಪ್ಪ, ಎರಡು ಸಲ ಆಯ್ತು, ಬರ್ನೇ ಇಲ್ವಲ್ಲ?" ಎಂದೆ.

"ಬಂದಿದ್ದೆ ಸಾಮಿ. ಗಾಡಿ ಒಂಟೋಯ್ತು."

"ನೋಡು, ನನ್ ಅತ್ರ ಸುಳ್ಳು ಏಳ್ಬೇಡ. ಡ್ರೈವರ್ ಆರನ್ ಮಾಡಿ ನೋಡ್ಕೊಂಡೇ ಬಂದವ್ನೆ. ಇನ್ನೊಂದ್ಸಲ ತಪ್ಪಿಸ್ದ್ರೆ ಮಿಷಿನ್ ಬೇರೆಯವ್ರಿಗೆ ಓಯ್ತದೆ."

ಅತ್ತಲಿಂದ ಉಸಿರಾಟದ ಸದ್ದು ಮಾತ್ರ ಕೇಳಿಸುತ್ತಿತ್ತು. ಏದುಸಿರು ಅದು. ಇಷ್ಟು ದಿನ ಡಯಾಲಿಸಿಸ್ ರೋಗಿಗಳ ನಡುವೆ ಇದ್ದವನಿಗೆ ಅದು ತಿಳಿಯಬೇಕಿತ್ತು. ನಾನು ಫೋನ್ ಇಟ್ಟು ಹಾಜರಿ ಪುಸ್ತಕ ತೆರೆದೆ. ಬಾರದಿದ್ದಕ್ಕೆ ಕಾರಣ ಎಂಬ ಅಂಕಣದಲ್ಲಿ 'ಎಸ್ಟೇಟ್ ಕೂಲಿಗೆ ಹೋಗಿದ್ದಾರೆ' ಎಂದು ಬರೆದು ಸಹಿ ಹಾಕಿದೆ. ಎರಡು ಬಕೆಟ್ ನೀರು ಎತ್ತಿದರೆ ಸುಸ್ತಾಗಿ ಕೂರುವ ಮನುಷ್ಯ ಕಾಫಿ ತೋಟದಲ್ಲಿ ಯಾವ ಕೂಲಿ ಮಾಡಿಯಾನು ಎಂಬ ಸಣ್ಣ ಅನುಮಾನವೂ ನನಗೆ ಬರಲಿಲ್ಲ. ಹಾಡಿಯವರು ಹೀಗೆಯೇ ಎಂದು ಎಂದೋ ತೀರ್ಮಾನ ಮಾಡಿಕೊಂಡಿದ್ದೆ. ಇವತ್ತು ಆ ಸಾಲು ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಮರು ಮಂಗಳವಾರವೂ ಅದೇ ಆಯಿತು. ಆ ದಿನ ಗೌರಿಯಿಂದ ನನಗೆ ಎರಡು ಕರೆ ಬಂದವು. ನೆಪ ಹೇಳಿ ಗೋಗರೆಯುತ್ತಾಳೆ ಎಂದುಕೊಂಡು ಎತ್ತಲಿಲ್ಲ. ಸಂಜೆಗೆ ಸ್ಲಾಟನ್ನು ಕೆ.ಆರ್. ನಗರದ ನಿವೃತ್ತ ಮೇಷ್ಟರೊಬ್ಬರ ಹೆಸರಿಗೆ ಬರೆದೆ. ಅವರು ಎರಡು ತಿಂಗಳಿಂದ ಕಾಯುತ್ತಿದ್ದರು. ಒಳ್ಳೆಯ ಕೆಲಸ ಮಾಡಿದೆ ಎಂಬ ನೆಮ್ಮದಿಯಲ್ಲೇ ಮನೆಗೆ ಹೋಗಿ ಉಂಡೆ.

ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಘಟಕದ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಸಾಮಾನು ಹೇರುವ ಜಾಗದಲ್ಲಿ ಗೋಣಿಚೀಲ ಹಾಸಿ ಸೋಮಯ್ಯನವರನ್ನು ಕೂರಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಖ, ಕಾಲು ಎಲ್ಲ ಊದಿ ಗುರುತೇ ಸಿಗುತ್ತಿರಲಿಲ್ಲ. ನರ್ಸ್ ಓಡಿ ಬಂದು ನೋಡಿ, "ಯಾರ್ರೀ ಇವ್ರನ್ನ ಇಷ್ಟು ದಿನ ಬಿಟ್ಟೋರು?" ಎಂದು ಕೂಗಿದಳು. ಯಂತ್ರಗಳೆಲ್ಲ ಭರ್ತಿ, ಜೊತೆಗೆ ಹೃದಯದ ಬಡಿತ ಏರುಪೇರಾಗಿತ್ತು. ಆಮ್ಲಜನಕ ಕೊಟ್ಟು ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ಹೊರಡುವ ಮೊದಲು ಕಾಗದಗಳಿಗೆ ಗೌರಿಯ ಸಹಿ ಬೇಕಿತ್ತು. ನನ್ನ ಮೇಜಿನ ಮುಂದೆ ನಿಂತು ಸಹಿ ಹಾಕುತ್ತಲೇ ಅವಳು ಹೇಳಿದಳು:

"ಮೂರ್ ದಿನಾನೂ ಅಪ್ಪ ಐದೂವರೆಗೇ ಓಗಿ ನಿಂತಿದ್ರು ಸಾರ್. ಮೊದಲೆರಡು ದಿನ ನಾನು ಬಿಟ್ಟು ವಾಪಸ್ ಬಂದಿದ್ದೆ. ಮೊನ್ನೆ ನಾನೂ ನಿಂತೆ. ಗಾಡಿ ನಮ್ಮುನ್ನ ದಾಟ್ಕೊಂಡೇ ಓಯ್ತು. ಕೈ ಬೀಸ್ಕಂಡು ಓಡ್ದೆ, ತಿರುವಲ್ಲಿ ಮರೆಯಾಯ್ತು."

"ಬಸ್ಸಲ್ಲಿ ಬರ್ಬೋದಿತ್ತಲ್ಲಮ್ಮ?"

"ಗಾಡಿ ನಿಲ್ಲಿಸ್ನಿಲ್ಲ ಅಂದ್ರೆ ಇವತ್ತು ಮಿಷಿನ್ ಇಲ್ಲ ಅಂತ ಅಪ್ಪ ತಿಳ್ಕಂಡಿದ್ರು ಸಾರ್."

ಮಾರನೆಯ ಬೆಳಗ್ಗೆ ನಾನೇ ಆ ಹಳ್ಳಿಗೆ ಹೋದೆ. ತಂಗುದಾಣದ ಕಟ್ಟೆಯ ಮೇಲೆ ಡೈರಿಗೆ ಹಾಲು ತಂದವರು, ಮೊದಲ ಬಸ್ಸಿಗೆ ಕಾಯುವವರು ಕೂತಿದ್ದರು. ಅಲ್ಲಿಂದ ನಲವತ್ತು ಹೆಜ್ಜೆ ಆಚೆ ಒಂದು ಹೊಂಗೆ ಮರ. ಅದರ ಕೆಳಗೆ ಹಾಡಿಯ ನಾಲ್ಕೈದು ಜನ ಬುತ್ತಿ ಹಿಡಿದು ಜೀಪಿಗೆ ಕಾಯುತ್ತ ನಿಂತಿದ್ದರು. ಕಟ್ಟೆಯಲ್ಲಿ ಜಾಗವಿತ್ತು. ಹಾಲಿನವರೊಬ್ಬರನ್ನು ಕೇಳಿದೆ.

"ಅವ್ರು ಇಲ್ಲಿ ಕೂರಲ್ಲ ಕಣ್ರೀ. ನಾವೇನೂ ಬ್ಯಾಡ ಅನ್ನಲ್ಲ. ಮೊದಲಿಂದ್ಲೂ ಅಂಗೇ. ಸೋಮನೂ ಅಲ್ಲೇ ನಿಂತಿರ್ತಿದ್ದ. ಗಾಡಿ ಬಂದ್ ತಕ್ಷಣ ನಮ್ ಪುಟ್ಟಸ್ವಾಮಣ್ಣ, 'ಬಾ ಲಾ ಸೋಮ, ಗಾಡಿ ಬಂತು' ಅಂತ ಕೂಗೋನು. ಆಮ್ಯಾಕೆ ಬಂದು ಹತ್ತೋನು."

ವರ್ಷವಿಡೀ ಒಂದೂ ಗೈರುಹಾಜರಿ ಇಲ್ಲದೆ ನಡೆದದ್ದು ನನ್ನ ವೇಳಾಪಟ್ಟಿಯಿಂದಲ್ಲ, ಗೌಡರ ಕೂಗಿನಿಂದ. ಗೌಡರು ಹೋದರು, ಕರೆಯುವವರು ಇಲ್ಲವಾದರು. ಕರೆಯದೆ ಮುಂದೆ ಬರುವುದಾಗಲಿ, ಕೂಗಿ ವಾಹನ ನಿಲ್ಲಿಸುವುದಾಗಲಿ ಸೋಮಯ್ಯನವರಿಗೆ ಬದುಕಿನಲ್ಲಿ ಅಭ್ಯಾಸವೇ ಇರಲಿಲ್ಲ. ಕೊನೆಗೆ ತಾವಾಗಿಯೇ ಹೊರಟರೂ ಊದಿದ ಕಾಲಲ್ಲಿ ನಲವತ್ತು ಹೆಜ್ಜೆ ಬರುವಷ್ಟರಲ್ಲಿ ವ್ಯಾನ್ ಹೊರಟಿರುತ್ತಿತ್ತು.

ಎಂಟು ದಿನಕ್ಕೆ ಅವರು ಬದುಕಿ ಬಂದರು. ಮೇಷ್ಟರಿಗೆ ಮಧ್ಯಾಹ್ನದ ಸರದಿ ಹೊಂದಿಸಿ, ಇವರ ಸ್ಲಾಟ್ ಇವರಿಗೇ ಮರಳಿಸಿದೆವು. ಆದರೆ ಮೈಸೂರಿನ ಆಸ್ಪತ್ರೆಯಿಂದ ಪತ್ರ ಬಂದಿತ್ತು. ಈ ರೋಗಿಗೆ ಮೂರು ಸರದಿ ಯಾಕೆ ತಪ್ಪಿತು ಎಂದು ನಮ್ಮ ಡಾಕ್ಟರ್ ಮೇಡಂ ವರದಿ ಕೊಡಬೇಕಿತ್ತು. ಅವರು ಸೋಮಯ್ಯನವರನ್ನೂ ಗೌರಿಯನ್ನೂ ಕೋಣೆಗೆ ಕರೆಸಿದರು. ನಾನೂ ಇದ್ದೆ. ಏನು ಹೇಳಬೇಕೆಂದು ಎಂಟು ದಿನದಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದೆ. ಮಾರ್ಗ ಬದಲಿಸಿದವನು ನಾನು, ಅವರ ಮಾತು ನಂಬದವನು ನಾನು, ಕೇಳದೆಯೇ ಕಾರಣ ಬರೆದವನು ನಾನು. ಆದರೆ ಮೇಡಂ ಮೊದಲು ಕೇಳಿದ್ದು ಅವರನ್ನು.

ಸೋಮಯ್ಯನವರು ಕುರ್ಚಿಯಲ್ಲಿ ಕೂರಲಿಲ್ಲ. ಕೈಮುಗಿದುಕೊಂಡೇ ಹೇಳಿದರು: "ತಪ್ಪು ನಂದೇ ತಾಯಿ. ತಂಗುದಾಣದಲ್ಲಿ ನಿಂತ್ಕ ಅಂತ ಸಾಮೇರು ಏಳಿದ್ರು. ನಾನು ಮರದ ತಾವ ನಿಂತಿದ್ದೆ. ಒಸಿ ಮುಂದೆ ನಿಂತ್ಕಬೇಕಿತ್ತು."

ಮೇಡಂ ನನ್ನ ಕಡೆ ನೋಡಿದರು. ಗೌರಿ ನೆಲ ನೋಡುತ್ತಿದ್ದಳು. ಬಾಯಿ ತೆರೆದರೆ ನನ್ನ ಮೂವತ್ತೊಂದು ವರ್ಷದ ಹೆಸರು ಹೋಗುತ್ತದೆ ಎನ್ನಿಸಿತು. "ಇನ್ಮೇಲಾದ್ರೂ ಮುಂದೆ ನಿಂತ್ಕೊಳ್ಳಪ್ಪ" ಎಂದೆ. ಅಷ್ಟೇ ಹೇಳಿದೆ. ರೋಗಿಯು ನಿಗದಿತ ಸ್ಥಳದಲ್ಲಿ ಇರಲಿಲ್ಲ ಎಂದು ಮೇಡಂ ವರದಿ ಬರೆದರು, ಕಡತ ಮುಚ್ಚಿತು.

ಆಮೇಲೆ ನಾನು ಬಹಳಷ್ಟು ಬದಲಿಸಿದೆ. ನಿಲುಗಡೆಯಲ್ಲಿ ರೋಗಿ ಕಾಣದಿದ್ದರೆ ಚಾಲಕ ವ್ಯಾನ್ ಇಳಿದು, ಹೆಸರು ಹಿಡಿದು ಕೂಗಬೇಕು. ಮೊದಲ ಗೈರುಹಾಜರಿಯ ದಿನವೇ ಮನೆಗೆ ಯಾರಾದರೂ ಹೋಗಿ ನೋಡಬೇಕು. ಕಾರಣದ ಅಂಕಣದಲ್ಲಿ ರೋಗಿಯೋ ಮನೆಯವರೋ ಹೇಳಿದ ಮಾತನ್ನಷ್ಟೇ ಬರೆಯಬೇಕು. ಎಲ್ಲರೂ ಮೆಚ್ಚಿದರು. ಒಮ್ಮೆ ಆ ವ್ಯಾನ್‌ನಲ್ಲಿ ನಾನೂ ಕೂತು ಹೋಗಿದ್ದೆ. ಇನ್ನೂ ಅರ್ಧ ಫರ್ಲಾಂಗ್ ದೂರವಿರುವಾಗಲೇ ಸೋಮಯ್ಯನವರು ಕಂಡರು. ಕಟ್ಟೆಯ ಮೇಲೆ ಅಲ್ಲ, ಡಾಂಬರಿನ ಅಂಚಿಗೇ ಬಂದು ನಿಂತು, ಎರಡೂ ಕೈ ಮೇಲೆತ್ತಿ ಹಿಡಿದಿದ್ದರು. ಮತ್ತೆ ತಪ್ಪು ಮಾಡಬಾರದು ಎಂದು. ನಾನು ಕಿಟಕಿಯಿಂದ ಮುಖ ತಿರುಗಿಸಿದೆ.

ಹತ್ತು ತಿಂಗಳು ಹೀಗೆ ಬಂದರು. ವಾರಕ್ಕೆರಡು ಸಲ ನನ್ನ ಮೇಜಿನ ಮುಂದೆಯೇ ಹಾದು ಹೋಗುತ್ತಿದ್ದರು, ನಮಸ್ಕಾರ ಹೇಳಿ. ಇವತ್ತು ಹೇಳಿಬಿಡುತ್ತೇನೆ ಎಂದು ಎಷ್ಟೋ ಸಲ ಎದ್ದು ನಿಂತಿದ್ದೇನೆ. ಊಟ ಆಯ್ತಾ ಎಂದು ಕೇಳಿ ಕೂತುಬಿಡುತ್ತಿದ್ದೆ. ಒಂದು ಭಾನುವಾರ ಮನೆಯಲ್ಲೇ ಹೃದಯ ನಿಂತು ಅವರು ತೀರಿಕೊಂಡರು.

ಸುದ್ದಿ ತಿಳಿದು ನಾಲ್ಕು ದಿನದ ಮೇಲೆ ಹಾಡಿಗೆ ಹೋದೆ. ಗೌರಿ ಚಾಪೆ ಹಾಸಿ ಕೂರಿಸಿ, ಕಪ್ಪು ಟೀ ಕೊಟ್ಟಳು.

"ಅಪ್ಪ ನಿಮ್ಮನ್ನ ನೆನೆಸ್ಕಳೋರು ಸಾರ್. ನಾನು ತಪ್ಪು ಮಾಡುದ್ರೂ ಸಾಮೇರು ಬೈನಿಲ್ಲ, ಮಿಷಿನ್ ವಾಪಸ್ ಕೊಡಿಸಿದ್ರು ಅನ್ನೋರು."

ನನಗೆ ತಡೆಯಲಾಗಲಿಲ್ಲ. "ತಪ್ಪು ಅವರದ್ದಲ್ಲ ಕಣಮ್ಮ, ನಂದು" ಎಂದೆ.

"ಗೊತ್ತು ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೈಸೂರಿಗೆ ಕಳಿಸೋ ದಿನ ಸಹಿ ಹಾಕಿದ್ನಲ್ಲ, ನಿಮ್ಮ ಪುಸ್ತಕ ತೆರೆದೇ ಇತ್ತು. ಎಸ್ಟೇಟ್ ಕೂಲಿಗೆ ಓಗವ್ರೆ ಅಂತ ಬರ್ದಿದ್ರಿ. ಓದ್ದೆ."

"ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಆ ಗಾಡಿ ಹತ್ತಕ್ಕೇ ಅಂಜೋರು. ನೀವೇ ಒಂದಿನ ಹೇಳ್ತೀರಿ ಅಂತ ಕಾದೆ."

ಈಗ ನಾನು ಆ ಕೆಲಸವನ್ನೂ ಬಿಟ್ಟಿದ್ದೇನೆ. ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲಿ ಒಂದು ಪಾಠ ಹೇಳಿ ಎಂದು ಈಗಲೂ ಕರೆಯುತ್ತಾರೆ. ಇಳಿದು ನೋಡಿ, ಹೆಸರು ಹಿಡಿದು ಕರೆಯಿರಿ, ಬಂದಿದ್ದೆ ಎಂದವರ ಮಾತು ನಂಬಿ ಎನ್ನುತ್ತೇನೆ. ಈ ಘಟನೆಯನ್ನೂ ಹೇಳುತ್ತೇನೆ. ಆದರೆ ಇದುವರೆಗೆ ಮಹದೇವ ಗುರುತು ಹಿಡಿಯಲಿಲ್ಲ ಎನ್ನುವಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ. ಡಾಕ್ಟರ ಕೋಣೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ಎಲ್ಲರಿಂದಲೂ ಆಗುತ್ತದೆ, ಅದನ್ನು ಬಡವನ ತಲೆಗೆ ಕಟ್ಟಿ ಸುಮ್ಮನಿರುವುದು ತಪ್ಪಿಗಿಂತ ದೊಡ್ಡದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕಲಿತದ್ದನ್ನು ಸೋಮಯ್ಯನವರ ಮುಂದೆ ಹೇಳಬೇಕಿತ್ತು. ಹತ್ತು ತಿಂಗಳು ಅವರು ನನ್ನ ಮುಂದೆಯೇ ಇದ್ದರು.