ಅಳಿಸಲು ಬಿಡದ ಡಿಸ್ಕು

ಕೊಹಿನೂರು ಎಂಬ ಹಳ್ಳಿಯ ಆ ಕುರಿಗಾರ ನಮ್ಮ ಅಂಗಡಿಗೆ ಬಂದು ಕೇಳಿದ್ದು ಅದುವರೆಗೆ ಯಾರೂ ಕೇಳದ ಮಾತು. ಮಗಳ ಮದುವೆಯ ವಿಡಿಯೊ ಅಳಿಸಿಬಿಡಬೇಕು, ನಮ್ಮ ಹತ್ತಿರ ಅದರ ಒಂದು ತುಣುಕೂ ಉಳಿಯಬಾರದು ಎಂದರು.

ಅಂಗಡಿ ಎಂದರೆ ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮುಂಗೋಣೆ. ನನ್ನ ಗಂಡ ಕ್ಯಾಮೆರಾ ಹೊತ್ತು ಮದುವೆಗಳಿಗೆ ತಿರುಗುತ್ತಾರೆ. ತಂದದ್ದನ್ನು ನಾನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ ಕೊಡುತ್ತೇನೆ. ಕತ್ತರಿಸುವ ಮೊದಲಿನ ಅಸಲು ವಿಡಿಯೊಗಳೂ ಮುಗಿಸಿ ಕೊಟ್ಟವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಮದುಮಕ್ಕಳು ನನ್ನನ್ನು ನೋಡಿರುವುದಿಲ್ಲ, ನಾನು ಮಾತ್ರ ಅವರ ಮುಖಗಳನ್ನು ವಾರಗಟ್ಟಲೆ ನೋಡಿರುತ್ತೇನೆ. ಈ ಹುಡುಗಿ ಚೆನ್ನಾಗಿ ನೆನಪಿದ್ದಳು. ನಗು ಬಂದಾಗ ಮೇಲ್ದುಟಿಯನ್ನು ಹಲ್ಲಿನ ಮೇಲೆ ಎಳೆದುಕೊಳ್ಳುತ್ತಿದ್ದಳು. ಹುಮನಾಬಾದಿನ ಕಡೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡನ ಮನೆಯವರ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಕಾಲು ಜಾರಿತು ಎಂದು ಅವರು ಹೇಳಿದರು. ಪೊಲೀಸರಲ್ಲಿ ಹಾಗೆಯೇ ದಾಖಲಾಯಿತು.

ತಮ್ಮ ಹೆಂಡತಿ ಹಗಲೆಲ್ಲ ಫೋನಿನಲ್ಲಿ ಆ ವಿಡಿಯೊ ನೋಡುತ್ತ ಕೂರುತ್ತಾಳೆ, ಎದುರಿಗಿಟ್ಟ ರೊಟ್ಟಿ ಮುಟ್ಟುವುದಿಲ್ಲ ಎಂದು ಕುರಿಗಾರ ಹೇಳಿದರು. ಫೋನಿನಲ್ಲಿದ್ದದ್ದನ್ನು ತೆಗೆಸಿ, ಪೆನ್ ಡ್ರೈವನ್ನು ಕಲ್ಲಿನಿಂದ ಜಜ್ಜಿ ಬಂದಿದ್ದರು. ಇನ್ನು ಆಕೆ ನಮ್ಮಲ್ಲಿಗೇ ಬಂದು ಕೇಳುತ್ತಾಳೆ ಎಂಬ ಹೆದರಿಕೆ.

ನನಗೂ ಅದು ಸರಿಯೆನಿಸಿತು. ಡಿಸ್ಕು ಹಚ್ಚಿ, ಆ ಮದುವೆಯ ಫೋಲ್ಡರ್ ಹುಡುಕಿ ಡಿಲೀಟ್ ಒತ್ತಿದೆ. ಆಗಲಿಲ್ಲ. ಈ ಡಿಸ್ಕಿನಲ್ಲಿ ಓದಲು ಮಾತ್ರ ಅನುಮತಿ ಇದೆ ಎಂಬ ಸಂದೇಶ ಬಂತು. ವೈರು ಬದಲಿಸಿದೆ, ಕಂಪ್ಯೂಟರಿನ ಬೇರೆ ಕಿಂಡಿಗೆ ಚುಚ್ಚಿದೆ, ಗಂಡನ ಲ್ಯಾಪ್‌ಟಾಪಿಗೆ ಹಚ್ಚಿದೆ. ಸೆಟ್ಟಿಂಗಿನಲ್ಲಿ ಓದಲು ಮಾತ್ರ ಎಂಬಲ್ಲಿದ್ದ ಗುರುತು ತೆಗೆದರೆ ಮತ್ತೆ ತಾನೇ ಮೂಡುತ್ತಿತ್ತು. ಬೀಗ ತೆರೆಯುವ ಕಮಾಂಡು ಕೊಟ್ಟೆ. ಕೆಲಸ ಆಯಿತು ಎಂದು ತೋರಿಸಿತು, ಆದರೆ ಫೋಲ್ಡರ್ ಅಲ್ಲೇ ಕೂತಿತ್ತು. ಕುರಿಗಾರ ಬೆಂಚಿನ ಮೇಲೆ ಕಂಬಳಿ ಮಡಿಲಲ್ಲಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ನೆಪ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ರಿಪೇರಿ ಮಾಡಿಸಿ ಅಳಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಎದ್ದರು.

ಮರುದಿನ ಬಸ್ಸು ಹಿಡಿದು ಹುಮನಾಬಾದಿಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬ ನಮಗೆ ಪರಿಚಯ. ತನ್ನ ಯಂತ್ರಕ್ಕೆ ಹಚ್ಚಿ, ಕಿವಿ ಹತ್ತಿರ ಹಿಡಿದು, ಡಿಸ್ಕಿನೊಳಗೆ ಅಲ್ಲಲ್ಲಿ ಕೆಟ್ಟಿದೆ, ಅದಕ್ಕೇ ಬೀಗ ಬಿದ್ದಿದೆ ಎಂದ.

"ಬರಿಯಾಕ, ಅಳಸಾಕ ಬಿಡಂಗಿಲ್ಲ ನೋಡ್ರಿ, ಓದಾಕ ಇನ್ನಾ ಜರಾ ಬಿಡಾಕತ್ತದ. ಜಬರದಸ್ತಿ ಮಾಡಿದ್ರ ಎಲ್ಲಾ ಹೋಗ್ತದ. ಬೇಕಾದ್ದು ಮೊದಲ ತೆಕ್ಕೋರಿ."

ಹೊಸ ಡಿಸ್ಕು ತಂದು ಒಂದೊಂದೇ ಮದುವೆಯನ್ನು ಅದಕ್ಕೆ ನಕಲು ಮಾಡತೊಡಗಿದೆ. ಬಹಳ ನಿಧಾನ. ನಡುನಡುವೆ ಒಳಗಿನಿಂದ ಕಟಕಟ ಸದ್ದು. ಆ ಫೋಲ್ಡರ್ ಒಂದನ್ನು ಬಿಟ್ಟುಬಿಡು, ತಾನೇ ಹೋಗುತ್ತದೆ, ಅವರು ಕೇಳಿದ್ದೂ ಅದನ್ನೇ ಅಲ್ಲವೇ ಎಂದು ಗಂಡ ಅಂದರು. ಹಾಗೇ ಮಾಡುತ್ತಿದ್ದೆ. ಆದರೆ ಕೆಲಸ ಮುಗಿಯುವ ಮೊದಲೇ ಆ ಹುಡುಗಿಯ ತಾಯಿ ಫೋನು ಮಾಡಿದರು. ತಮ್ಮ ಗಂಡ ಅಂಗಡಿಗೆ ಬಂದುಹೋದದ್ದು ಆಕೆಗೆ ಗೊತ್ತಿರಲಿಲ್ಲ. ಇನ್ನೊಂದು ಪ್ರತಿ ಬೇಕು ಎಂದರು.

"ಅರಿಶಿಣ ಹಚ್ಚೋ ಮುಂದ ಆಕಿ ನನಗೇನೋ ಅಂತಾಳ್ರಿ," ಎಂದರು. "ಅದರ ಮ್ಯಾಲ ನೀವು ಹಾಡು ಹಾಕೀರಿ. ಏನಂದ್ಳು ಅಂತ ನನಗ ನೆನಪ ಆಗವಲ್ದು. ತುಟಿ ನೋಡಿ ನೋಡಿ ಸಾಕಾಗೇದ."

ಹಾಡು ಹಾಕಿದವಳು ನಾನೇ. ಅಸಲು ಧ್ವನಿ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಫೋನು ಇಟ್ಟು ಆ ಫೋಲ್ಡರ್ ನಕಲಿಗೆ ಹಚ್ಚಿದೆ. ಅರಿಶಿಣದ ಭಾಗ ಬಂತು. ಅಕ್ಷತೆಯ ಹೊತ್ತಿಗೆ ಡಿಸ್ಕು ನಿಂತುಹೋಯಿತು. ಮತ್ತೆ ಯಾವ ಕಂಪ್ಯೂಟರಿಗೂ ಅದು ಕಾಣಿಸಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೆಂಗಸರ ಗದ್ದಲ, ಯಾವುದೋ ಕೂಸಿನ ಅಳು. ನಡುವೆ ಹುಡುಗಿ ಮುಖ ತಿರುಗಿಸಿ, "ಅವ್ವಾ, ನಾ ಹೋಗಂಗಿಲ್ಲ," ಅನ್ನುತ್ತಾಳೆ. ತಾಯಿ ನಕ್ಕು, ಆಕೆಯ ಬಾಯಿಯ ಮೇಲೆಯೇ ಅರಿಶಿಣದ ಕೈ ಒರೆಸುತ್ತಾರೆ. ಸುತ್ತಲಿನವರೂ ನಗುತ್ತಾರೆ. ಹಿಂದೆ ತಂದೆ ನಿಂತಿದ್ದಾರೆ. ಅವರು ಮಾತ್ರ ನಗುತ್ತಿಲ್ಲ.

ನಾನೂ ನನ್ನ ಮದುವೆಯಲ್ಲಿ ಹಾಗೇ ಅಂದಿದ್ದೆ. ಎಲ್ಲರೂ ಅನ್ನುತ್ತಾರೆ. ಆದರೂ ಹೆಡ್‌ಫೋನ್ ತೆಗೆದ ಮೇಲೆ ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ.

ಲ್ಯಾಪ್‌ಟಾಪು ಹೊತ್ತು ಗಂಡನ ಜೊತೆ ಕೊಹಿನೂರಿಗೆ ಹೋದೆ. ತಂದೆ ಊರ ಹೊರಗೆ ಕುರಿ ಬಿಟ್ಟುಕೊಂಡಿದ್ದರು. ಮೊದಲು ಅವರಿಗೇ ಹೇಳಿದೆ: ಉಳಿದದ್ದೆಲ್ಲ ಹೋಯಿತು, ಇದೊಂದು ತುಣುಕು ನನ್ನ ಬಳಿ ಇದೆ, ನೀವು ಬೇಡವೆಂದರೆ ಇಲ್ಲೇ ನಿಮ್ಮೆದುರಿಗೇ ಅಳಿಸುತ್ತೇನೆ. ಹುಡುಗಿ ಏನೆಂದಳು ಎಂದು ನಾನು ಹೇಳಬೇಕಾಗಲಿಲ್ಲ. ಅಂದು ಹಿಂದೆ ನಿಂತಿದ್ದ ಅವರು ಅದನ್ನು ಕೇಳಿಸಿಕೊಂಡಿದ್ದರು.

"ಕೇಳಸ್ರಿ ಆಕಿಗಿ," ಎಂದರು. "ನಾ ಒಬ್ಬಾವನೇ ಹೊತ್ತು ಹೊತ್ತು ಸಾಕಾಗೇದ."

ಅವರ ಜೊತೆಗೇ ಹೋಗಿ ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ತೋರಿಸಿದೆ. ತಾಯಿ ತೀರ ಹತ್ತಿರ ಬಗ್ಗಿ ಕೇಳಿದರು. ಮತ್ತೊಮ್ಮೆ ಹಚ್ಚಲು ಹೇಳಿದರು. ಆಮೇಲೆ ತಾವೇ ಕೈಚಾಚಿ ಪರದೆ ಮುಚ್ಚಿದರು. ಅಳಲಿಲ್ಲ.

"ಎಲ್ಲಾ ಹುಡುಗ್ಯಾರೂ ಹಂಗ ಅಂತಾರ. ಹೌದಲ್ಲರೀ?" ಎಂದು ನನ್ನನ್ನು ಕೇಳಿದರು.

ಹೌದ್ರಿ ಎಂದೆ. ಆಕೆ ಅದನ್ನೇ ತಮ್ಮ ಗಂಡನನ್ನೂ ಕೇಳಿದರು, ಪಕ್ಕದ ಮನೆಯ ಹೆಂಗಸನ್ನೂ ಕೇಳಿದರು. ತಂದೆ ಹೆಂಡತಿಯ ಪಕ್ಕದಲ್ಲಿ ಬಂದು ಕೂತರು. ನಾವು ಹೊರಡುವಾಗಲೂ ಇಬ್ಬರೂ ಹಾಗೇ ಕೂತಿದ್ದರು.

ಪ್ರತಿ ಬೇಕೆಂದು ಆಕೆ ಮತ್ತೆ ಕೇಳಲಿಲ್ಲ. ಆ ತುಣುಕು ಹೊಸ ಡಿಸ್ಕಿನಲ್ಲಿದೆ. ಇದರಲ್ಲಿ ಅಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಳಿಸಿ ಎಂದು ಆ ಮನೆಯಿಂದ ಇದುವರೆಗೆ ಯಾರೂ ಹೇಳಿಲ್ಲ, ಇರಲಿ ಎಂದೂ ಹೇಳಿಲ್ಲ.